ಹೆಣ್ಣು ಸೂರಕ್ಕಿ ಐಡಿ ಮಾಡೋಕೆ ಹೊಟ್ಟೆ ಬಿಡಿ, ಬೆನ್ನು ನೋಡಿ

ಸೂರಕ್ಕಿ ಅಂದ್ರೆ ಹೂವಿನ ಮಕರಂದ ಕುಡ್ಯೋ ಪುಟ್ಟ ಸನ್‌ಬರ್ಡ್. ಗಂಡು ಸಿಕ್ರೆ ಯಾರ್ ಬೇಕಾದ್ರೂ ಐಡಿ ಮಾಡ್ತಾರೆ, ಅಂದ್ರೆ ಯಾವ ಜಾತಿ ಅಂತ ಹೇಳ್ತಾರೆ, ಮಲೆನಾಡಲ್ಲಿ ತಲೆ ತಿನ್ನೋದು ಹೆಣ್ಣು ಸೂರಕ್ಕಿ. ಇಲ್ಲಿ ಕ್ರಿಮ್ಸನ್ ಬ್ಯಾಕ್ಡ್, ಪರ್ಪಲ್ ರಂಪ್ಡ್ ಅಂತ ಎರಡು ಜಾತಿ, ಹೆಣ್ಣುಗಳು ನೋಡೋಕೆ ಹೆಚ್ಚುಕಮ್ಮಿ ಒಂದೇ ಥರ. ನಾನು ಕ್ರಿಮ್ಸನ್ ಬ್ಯಾಕ್ಡ್ ಅಂತ ಯಾವ್ ಫೋಟೋ ಕಳ್ಸಿದ್ರೂ ನಮ್ ಬರ್ಡಿಂಗ್ ಗೆಳೆಯರು "ಪರ್ಪಲ್ ರಂಪ್ಡ್ ಕಣೋ, ಬಿಡು" ಅಂತ ಮುಗಿಸ್ಬಿಡೋರು. ಈಗ ಅವ್ರೇ ಫೋನ್ ಮಾಡಿ ಹೆಂಗ್ ತೆಗ್ದೆ ಅಂತ ಕೇಳ್ತಿದಾರೆ, ಅದಕ್ಕೇ ಬರೀತಿದೀನಿ.

ಮೊದ್ಲು ದುಡ್ಡು ಸುರ್ದೆ. ಸೆಕೆಂಡ್ ಹ್ಯಾಂಡ್ ಜೂಮ್ ಕ್ಯಾಮೆರಾಗೆ ಹತ್ತತ್ರ 30 ಸಾವಿರ, ಮಳೆಗಾಲ ಕಳ್ಯೋಷ್ಟ್ರಲ್ಲಿ ಲೆನ್ಸಿಗೆ ಫಂಗಸ್ ಹತ್ತಿ ಕ್ಲೀನಿಂಗಿಗೆ ಮತ್ತೊಂದ್ 4 ಸಾವಿರವೋ 5 ಸಾವಿರವೋ. ಏನ್ ಬಂತು? ಮರದ ಬುಡದಲ್ಲಿ ನಿಂತು ಕತ್ತು ಹಿಡ್ಕೊಳೋವರ್ಗೂ ಹೊಡೆದ್ರೂ ಬರೀ ಹಳದಿ ಹೊಟ್ಟೆ, ಹಿಂದೆ ಬೆಳ್ಳಗೆ ಆಕಾಶ. ಎರಡಕ್ಕೂ ಹೊಟ್ಟೆ ಹಳದಿನೇ. 8 ಸೆಂಟಿಮೀಟರ್ ಹಕ್ಕಿ, ಒಂದ್ ಕಡೆ ಕೂರೋದೂ ಇಲ್ಲ. ಕೂಗು ರೆಕಾರ್ಡ್ ಮಾಡೋಣ ಅಂತ ಮೈಕ್ ತಗೊಂಡೆ, ಹಳ್ಳದ ಸದ್ದು ಬಿಟ್ರೆ ಏನೂ ಇಲ್ಲ, ಅದನ್ನ ಅರ್ಧ ರೇಟಿಗೆ ಮಾರ್ದೆ.

ಆಮೇಲ್ ಹೊಳೀತು, ಕ್ರಿಮ್ಸನ್ ಬ್ಯಾಕ್ಡ್ ಹೆಣ್ಣಿಗೆ ಬಾಲದ ಬುಡದ ಮೇಲೆ ಗಾಢ ಕೆಂಪು ಪಟ್ಟೆ ಇದ್ಯಲ್ಲ, ಪರ್ಪಲ್ ರಂಪ್ಡ್ ಹೆಣ್ಣಿಗೆ ಅದಿಲ್ಲ, ಹಂಗಾದ್ರೆ ಮೇಲಿಂದ ನೋಡ್ಬೇಕು ತಾನೆ! ಕಾಫಿ ತೋಟದ ಇಳಿಜಾರಲ್ಲಿ ಬಂದಳಿಕೆ ಹೂ ಬಿಟ್ಟಿರೋ ಮರ ಹುಡುಕ್ದೆ, ಅದರ ಕೆಳಗಲ್ಲ, ಗುಡ್ಡದ ಮೇಲ್ಭಾಗದಲ್ಲಿ ಹೂವಿನ ಗೊಂಚಲು ನನ್ ಕಣ್ಣಿಗಿಂತ ಕೆಳಗೆ ಬರೋ ಜಾಗದಲ್ಲಿ ಕೂತೆ. ಹಕ್ಕಿ ತಲೆಕೆಳಗಾಗಿ ಹೂವಿಗೆ ಕೊಕ್ಕು ಹಾಕ್ದಾಗ ಬೆನ್ನು ಪೂರ್ತಿ ನಮ್ ಕಡೆ. ಫೋಟೋ ಬೇಡ, ಸ್ಲೋ ಮೋಷನ್ ವಿಡಿಯೋ ಮಾಡಿ ಫ್ರೇಮ್ ಫ್ರೇಮ್ ನೋಡಿ, ರೆಕ್ಕೆ ಬಿಚ್ಚೋ ಕ್ಷಣದಲ್ಲಿ ಕೆಂಪು ಎದ್ದು ಕಾಣತ್ತೆ. ಸುಮಾರು ಹತ್ತರಲ್ಲಿ ಆರೇಳು ಸಲ ಪಕ್ಕಾ ಆಗ್ತಿದೆ.

ತೋಟದ ಯಜಮಾನ್ರು ಬಂದಳಿಕೆ ಕಡ್ಸೋಕೆ ಆಳು ಕರ್ಸಿದ್ರು, ಒಂದ್ ಕೊಂಬೆ ಉಳ್ಸಿ ಅಂತ ಗೋಗರ್ದು ಉಳಿಸ್ಕೊಂಡಿದೀನಿ. ಮನೆ ಹತ್ರ ಸಕ್ಕರೆ ನೀರಿನ ಬಾಟ್ಲಿ ಕಟ್ಟಿದ್ದೆ, ಇರುವೆ ಬಂತು ಅಷ್ಟೆ. ಹ್ಯಾಮೇಲಿಯಾ ಅನ್ನೋ ಹೂವಿನ ಗಿಡ ಹಾಕಿದ್ಮೇಲೆ ಪರ್ಪಲ್ ರಂಪ್ಡ್ ದಿನಾ ಬರುತ್ತೆ, ಬೈಕ್ ಕನ್ನಡಿಲಿ ತನ್ನನ್ನೇ ನೋಡ್ಕೊಂಡು ಜಗಳಾನೂ ಆಡತ್ತೆ, ಆದ್ರೆ ಕ್ರಿಮ್ಸನ್ ಬ್ಯಾಕ್ಡ್ ಇನ್ನೂ ಈ ಕಡೆ ತಲೆ ಹಾಕಿಲ್ಲ, ಅದಕ್ಕೆ ಕಾಡಂಚೇ ಬೇಕೇನೋ.

ಯಾವ್ ಹೊತ್ತಲ್ಲಿ ಕೂರ್ತೀನಿ, ಫೋನನ್ನ ಬೈನಾಕುಲರಿಗೆ ಹೆಂಗ್ ಕಟ್ತೀನಿ ಅನ್ನೋದು ಸದ್ಯಕ್ಕೆ ನನ್ ಹತ್ರಾನೇ ಇರ್ಲಿ. ಬೆಂಗಳೂರ್ ಕಡೆಯವ್ರು ಇದಕ್ಕೆ ಕಷ್ಟ ಪಡ್ಬೇಡಿ, ಕ್ರಿಮ್ಸನ್ ಬ್ಯಾಕ್ಡ್ ಘಟ್ಟದ ಹಕ್ಕಿ, ಈ ಎರಡರಲ್ಲಿ ನಿಮ್ ಪಾರ್ಕಲ್ಲಿರೋದು ಪರ್ಪಲ್ ರಂಪ್ಡೇ.