ಪೊದೆ ಕೀಳುವ ಗ್ರ್ಯಾಪಲ್‌: ಹಲ್ಲು ಸೇರಿಸಿ, ಬುಡ ಗಟ್ಟಿ ಮಾಡಿ

ಲೋಡರ್‌ನ ಮುಂದೆ ಕೂರಿಸುವ ಗ್ರ್ಯಾಪಲ್‌ (ಹಲ್ಲಿರುವ ಎರಡು ದವಡೆಗಳಿಂದ ಕಚ್ಚಿ ಹಿಡಿಯುವ ಸಾಧನ) ದಿಮ್ಮಿ ಎತ್ತುವುದರಲ್ಲಿ ಗಟ್ಟಿಗ. ಅದನ್ನೇ ಮುಳ್ಳುಪೊದೆಗೆ ಇಳಿಸಿದರೆ ತೊಂದರೆಗಳು ಶುರು. ಹಲ್ಲುಗಳ ನಡುವೆ ಸಣ್ಣ ರೆಂಬೆಗಳು ನುಸುಳಿ ಉದುರುತ್ತವೆ. ಚಿಮ್ಮಿದ ಕೊಂಬೆ ಹೈಡ್ರಾಲಿಕ್ ಹೋಸನ್ನು ಕಿತ್ತುಹಾಕುತ್ತದೆ. ಬೇರಿಗೆ ಸಿಕ್ಕಿಕೊಂಡ ಒಂದೇ ಹಲ್ಲಿನ ಮೇಲೆ ಯಂತ್ರದ ಪೂರ್ತಿ ನೂಕು ಬೀಳುತ್ತದೆ. ನಡುವೆ ಹಲ್ಲು ಸೇರಿಸಿ, ಮೇಲ್ದವಡೆಯ ಬುಡ ಬಲಪಡಿಸಿ, ಹೋಸ್‌ಗೆ ಕಾವಲು ಕಟ್ಟಿದರೆ ಇವೆಲ್ಲ ಸರಿಹೋಗುತ್ತವೆ. ಆದರೆ ದಪ್ಪ ಪ್ಲೇಟ್ ಅಂಟಿಸಿದಷ್ಟೂ ಗಟ್ಟಿ ಎಂಬ ಲೆಕ್ಕ ಇಲ್ಲಿ ನಡೆಯದು. ಎಳೆತ ಯಾವ ಕಡೆಯಿಂದ ಯಾವ ಕಡೆಗೆ ಸಾಗುತ್ತದೆ ಎಂದು ನೋಡಿ ವೆಲ್ಡ್ ಮಾಡಿದರಷ್ಟೇ ಅದು ಬಾಳುತ್ತದೆ.

ತೂಕ ಮತ್ತು ಅಂತರ

16 ಮಿ.ಮೀ. ದಪ್ಪ, 100 ಮಿ.ಮೀ. ಅಗಲ, 900 ಮಿ.ಮೀ. ಉದ್ದದ ಒಂದು ಹಲ್ಲು ಸುಮಾರು 11 ಕೆ.ಜಿ. ತೂಗುತ್ತದೆ. ನಾಲ್ಕು ಹಲ್ಲು, ಬಲಪಟ್ಟಿ, ಕಾವಲು ಪ್ಲೇಟ್ ಸೇರಿದರೆ 60–70 ಕೆ.ಜಿ. ಆದೀತು. ಲೋಡರ್ ಎತ್ತುವ ಸಾಮರ್ಥ್ಯದಲ್ಲಿ ಅಷ್ಟೂ ಕಡಿತ. ಭಾರ ತೋಳಿನ ಪಿನ್‌ನಿಂದ ಮುಂದಕ್ಕೆ ಸರಿಯುವುದರಿಂದ ನಿಜವಾದ ನಷ್ಟ ಇನ್ನೂ ಹೆಚ್ಚು. ಹಿಂದೆ ಪ್ರತಿಭಾರ ಇಲ್ಲದ ಟ್ರ್ಯಾಕ್ಟರ್‌ಗೆ ಈ ಬದಲಾವಣೆ ಬೇಡ.

ಹಲ್ಲಿನಿಂದ ಹಲ್ಲಿಗೆ 15ರಿಂದ 20 ಸೆಂ.ಮೀ. ಅಂತರ ಪೊದೆಗೆ ಹೊಂದುತ್ತದೆ. ಅದಕ್ಕಿಂತ ಕಿರಿದಾದರೆ ಬೇರಿನ ಮಣ್ಣು ಉದುರದೆ, ಪೊದೆಯ ಜೊತೆ ಹೆಂಟೆಗಳನ್ನೂ ಹೊತ್ತು ತಿರುಗಬೇಕಾಗುತ್ತದೆ.

ಯಾವ ಕಬ್ಬಿಣ?

ಹಲ್ಲಿಗೆ 16 ಮಿ.ಮೀ. ಮೈಲ್ಡ್ ಸ್ಟೀಲ್ ಪ್ಲೇಟ್ ಸಾಕು. ಅದನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಬೇಕು, ಏಕೆಂದರೆ ಬಾಗುವಿಕೆಯನ್ನು ತಡೆಯುವ ಬಲ ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕಟ್ಟಡದ ಕಂಬಿ ಬೇಡ. ಅದರ ಗಟ್ಟಿತನದ ಬಹುಪಾಲು ಹೊರಪದರದಲ್ಲಿರುತ್ತದೆ, ವೆಲ್ಡಿಂಗ್ ಕಾವಿಗೆ ಆ ಪದರ ಮೆತ್ತಗಾಗುತ್ತದೆ. ಹಳೆಯ ಲೀಫ್ ಸ್ಪ್ರಿಂಗ್ ಪಟ್ಟಿಯಲ್ಲಿ ಕಾರ್ಬನ್ ಹೆಚ್ಚು. ಮೊದಲೇ ಕಾಯಿಸದೆ ವೆಲ್ಡ್ ಮಾಡಿದರೆ ಬೆಸುಗೆಯ ಪಕ್ಕದಲ್ಲೇ ಗಾಜಿನಂತೆ ಮುರಿಯುತ್ತದೆ.

ಗುಜರಿ ತುಂಡು ಯಾವ ಜಾತಿಯದೆಂದು ಗ್ರೈಂಡರ್ ಕಿಡಿಯೇ ಹೇಳುತ್ತದೆ. ಮೈಲ್ಡ್ ಸ್ಟೀಲ್‌ನ ಕಿಡಿಗಳು ನೀಳವಾಗಿ, ಕವಲು ಕಡಿಮೆಯಾಗಿ ಹಾರುತ್ತವೆ. ಕಾರ್ಬನ್ ಹೆಚ್ಚಿದ್ದರೆ ನಕ್ಷತ್ರಬತ್ತಿಯ ಹಾಗೆ ಒತ್ತೊತ್ತಾಗಿ ಸಿಡಿಯುತ್ತವೆ. ಗೊತ್ತಿರುವ ತುಂಡಿನ ಕಿಡಿಯ ಪಕ್ಕದಲ್ಲಿಟ್ಟು ಹೋಲಿಸಿ.

ವೆಲ್ಡಿಂಗ್‌ಗೆ ಮುನ್ನ

ಗ್ರ್ಯಾಪಲನ್ನು ಯಂತ್ರದಿಂದ ಬಿಚ್ಚಿ, ಸಿಲಿಂಡರ್ ಮತ್ತು ಹೋಸ್‌ಗಳನ್ನು ಕಳಚಿಡಿ. ಸಿಲಿಂಡರ್‌ನ ಹೊಳೆಯುವ ರಾಡಿನ ಮೇಲೆ ಒಂದು ಕಿಡಿ ಅಂಟಿದರೂ ಸೀಲ್ ಹರಿಯುತ್ತದೆ. ಅರ್ತ್ ಕ್ಲಾಂಪನ್ನು (ಕರೆಂಟು ವೆಲ್ಡಿಂಗ್ ಯಂತ್ರಕ್ಕೆ ಮರಳುವ ತಂತಿಯ ಚಿಮಟ) ವೆಲ್ಡ್ ಮಾಡುವ ತುಂಡಿಗೇ ಹಾಕಿ. ದೂರದಲ್ಲಿ ಹಾಕಿದರೆ ಕರೆಂಟು ಪಿನ್ ಮತ್ತು ಅದು ಕೂರುವ ಕೊಳವೆಯಂಥ ಬುಷ್‌ ಮೂಲಕ ಹರಿದು, ಒಳಗೇ ಕಿಡಿ ಹಾರಿ ಗುಳಿ ಬೀಳುತ್ತವೆ. ಬಿಚ್ಚಲು ಆಗದಿದ್ದರೆ ಬ್ಯಾಟರಿ ಸಂಪರ್ಕವನ್ನಾದರೂ ತೆಗೆಯಿರಿ.

ಬಣ್ಣ, ತುಕ್ಕು, ಗ್ರೀಸನ್ನು ಜೋಡಣೆಯ ಸುತ್ತ 25 ಮಿ.ಮೀ.ವರೆಗೆ ಉಜ್ಜಿ ಲೋಹ ಹೊಳೆಯುವಂತೆ ಮಾಡಿ. ಗ್ರೀಸ್ ತೆಗೆಯಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಳಸಲೇಬೇಡಿ. ವೆಲ್ಡಿಂಗ್ ಆರ್ಕ್ ತಗುಲಿದರೆ ಅದರಿಂದ ಫಾಸ್ಜೀನ್ ಎಂಬ ಮಾರಕ ಅನಿಲ ಹುಟ್ಟುತ್ತದೆ. ಸತು ಲೇಪಿಸಿದ ತುಂಡಿದ್ದರೆ ಲೇಪವನ್ನು ಪೂರ್ತಿ ಉಜ್ಜಿ ತೆಗೆಯಿರಿ. ಅದರ ಹೊಗೆ ಜ್ವರ ತರುತ್ತದೆ.

ಹಲ್ಲು ಕೂರಿಸುವುದು

ಹೊಸ ಹಲ್ಲಿನ ಬುಡವನ್ನು ಎರಡೂ ಬದಿಯಿಂದ 45 ಡಿಗ್ರಿ ಓರೆಯಾಗಿ ಉಜ್ಜಿ. ಮಟ್ಟಸವಾದ ನೆಲದಲ್ಲಿ ಹಳೆಯ ಹಲ್ಲುಗಳ ತುದಿಗೆ ದಾರ ಕಟ್ಟಿ, ಹೊಸದನ್ನೂ ಅದೇ ಗೆರೆಗೆ ತನ್ನಿ. ಒಂದೇ ಅಳತೆಗೆ ಕತ್ತರಿಸಿದ ಕಬ್ಬಿಣದ ತುಂಡುಗಳನ್ನು ನಡುವೆ ಸಿಕ್ಕಿಸಿದರೆ ಅಂತರ ಕೆಡದು. ಪ್ರತಿ ಹಲ್ಲಿಗೆ ನಾಲ್ಕು ಕಡೆ, 20 ಮಿ.ಮೀ. ಉದ್ದದ ಟ್ಯಾಕ್ (ತಾತ್ಕಾಲಿಕ ಚಿಕ್ಕ ಬೆಸುಗೆ) ಹಾಕಿ ಅಲ್ಲೇ ನಿಲ್ಲಿಸಿ.

ಈಗ ಇಬ್ಬರು ಸೇರಿ ಮೇಲ್ದವಡೆಯನ್ನು ಕೈಯಿಂದ ಪೂರ್ತಿ ಮುಚ್ಚಿ ನೋಡಿ. ಬಹಳ ಮಂದಿ ಬಿಟ್ಟುಬಿಡುವ ಹೆಜ್ಜೆಯಿದು. ನಡುವೆ ಸೇರಿಸಿದ ಹಲ್ಲು ಮೇಲಿನ ಹಲ್ಲಿಗೆ ನೇರ ಎದುರಾಗಿಬಿಡಬಹುದು. ಮೇಲಿನ ತುದಿಗಳು ಕೆಳಗಿನ ಹಲ್ಲುಗಳ ನಡುವೆ ಇಳಿಯುವಂತಿದ್ದರೆ ಎರಡೂ ಪಕ್ಕದಲ್ಲಿ ಕನಿಷ್ಠ 10 ಮಿ.ಮೀ. ಸಡಿಲ ಇರಲಿ. ತಪ್ಪಿದ್ದರೆ ಟ್ಯಾಕ್ ಒಡೆದು ಸರಿಪಡಿಸಬಹುದು. ಪೂರ್ತಿ ವೆಲ್ಡ್ ಆದಮೇಲೆ ಆಗದು.

ಬೆಸುಗೆ

ಇ7018 (ಹೈಡ್ರೋಜನ್ ಕಡಿಮೆ ಇರುವ ಬಗೆಯ) ವೆಲ್ಡಿಂಗ್ ರಾಡ್, 3.15 ಮಿ.ಮೀ., ಡಿಸಿ ಯಂತ್ರದಲ್ಲಿ ರಾಡಿಗೆ ಪಾಸಿಟಿವ್, 110ರಿಂದ 130 ಆಂಪಿಯರ್. ಓರೆ ಭಾಗ ತುಂಬಿದ ಮೇಲೆ ಮೂಲೆಯಲ್ಲಿ 8 ಮಿ.ಮೀ. ಕಾಲಿನ (ಮೂಲೆಯಿಂದ ಪ್ರತಿ ಪ್ಲೇಟಿನ ಮೇಲೆ ಹರಡುವ ಅಳತೆ) ಬೆಸುಗೆ ಬರಲಿ: ಬುಡಕ್ಕೆ ಒಂದು ಸುತ್ತು, ಅದರ ಮೇಲೆ ಎರಡು. ಪ್ರತಿ ಸುತ್ತಿನ ಸ್ಲ್ಯಾಗನ್ನು (ಬೆಸುಗೆಯ ಮೇಲೆ ಕಟ್ಟುವ ಗಾಜಿನಂಥ ಪದರ) ಪೂರ್ತಿ ಕೆರೆದೇ ಮುಂದಿನದಕ್ಕೆ ಹೋಗಿ. ಇ6013 ರಾಡ್ ಸುಲಭವಾಗಿ ಓಡುತ್ತದೆ ನಿಜ, ಅದನ್ನು ಕಾವಲು ಪ್ಲೇಟಿಗಷ್ಟೇ ಇಟ್ಟುಕೊಳ್ಳಿ.

7018ಕ್ಕೆ ತೇವವೇ ಶತ್ರು. ಪೊಟ್ಟಣ ಒಡೆದು ದಿನಗಟ್ಟಲೆ ಬಿಟ್ಟ ರಾಡನ್ನು ಸುಮಾರು 350 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಒಣಗಿಸಿ, ಬಿಸಿಯಾಗಿಯೇ ಇಟ್ಟು ಬಳಸಿ. ತೇವದ ಹೈಡ್ರೋಜನ್ ಲೋಹದೊಳಗೆ ಸೇರಿದರೆ, ನೋಡಲು ಅಚ್ಚುಕಟ್ಟಾದ ಬೆಸುಗೆ ಒಂದೆರಡು ದಿನದ ಮೇಲೆ ತಾನಾಗಿ ಬಿರಿಯುತ್ತದೆ.

ಒಂದೇ ಹಲ್ಲನ್ನು ಉದ್ದಕ್ಕೂ ಮುಗಿಸಬೇಡಿ. ಬಲತುದಿಯಲ್ಲಿ ಒಂದು ಬದಿ, ಆಮೇಲೆ ಎಡತುದಿಯಲ್ಲಿ ಇನ್ನೊಂದು, ಹೀಗೆ ಕಾವು ಹಂಚಿದರೆ ಚೌಕಟ್ಟು ಸೊಟ್ಟಗಾಗದು.

ತಣಿದ ಮೇಲೆ ಬೆಸುಗೆಯ ಅಂಚಿಗೆ ಟಾರ್ಚನ್ನು ಅಡ್ಡಲಾಗಿ ಹಿಡಿದು ನೋಡಿ. ಬೆಸುಗೆ ಮತ್ತು ಪ್ಲೇಟ್ ಸೇರುವಲ್ಲಿ ಉಗುರು ಸಿಕ್ಕಿಕೊಳ್ಳುವಂಥ ಸಣ್ಣ ಕಾಲುವೆ ಕಂಡರೆ ಕರೆಂಟು ಹೆಚ್ಚಾಗಿತ್ತು, ಅಥವಾ ಅಂಚಿನಲ್ಲಿ ರಾಡ್ ನಿಲ್ಲಲಿಲ್ಲ ಎಂದರ್ಥ. ಮುರಿತ ಶುರುವಾಗುವುದು ಆ ಕಾಲುವೆಯಲ್ಲೇ. ಬೆಸುಗೆ ಮುಗಿವ ಜಾಗದ ಗುಳಿಯೂ ಹಾಗೇ. ರಾಡ್ ಎತ್ತುವ ಮುನ್ನ 10 ಮಿ.ಮೀ. ಹಿಂದೆ ಬಂದು ತುಂಬಿಸಿ.

ಮೇಲ್ದವಡೆಯ ಬುಡ

50 ಮಿ.ಮೀ. ಬೋರಿನ (ಒಳವ್ಯಾಸದ) ಸಿಲಿಂಡರ್ 180 ಬಾರ್ ಒತ್ತಡದಲ್ಲಿ ಸುಮಾರು 3,600 ಕೆ.ಜಿ. ಬಲದಿಂದ ನೂಕುತ್ತದೆ. ಸಿಲಿಂಡರ್ ಪಿನ್ ಕೀಲಿನಿಂದ 20 ಸೆಂ.ಮೀ., ಹಲ್ಲಿನ ತುದಿ 80 ಸೆಂ.ಮೀ. ದೂರವಿದ್ದರೆ ತುದಿಗೆ ಬರುವುದು 900 ಕೆ.ಜಿ. ಪೊದೆಗೆ ಅದು ಧಾರಾಳ. ಆದರೆ ಪೂರ್ತಿ 3,600 ಕೆ.ಜಿ.ಯನ್ನು ತಡೆಯಬೇಕಾದದ್ದು ಸಿಲಿಂಡರ್ ಕಿವಿಯ (ಪಿನ್ ಹಿಡಿಯುವ ತೂತಿನ ಪ್ಲೇಟ್) ಬೆಸುಗೆ. ಕಿವಿಯನ್ನು 6 ಮಿ.ಮೀ. ಗೋಡೆಯ ಅಡ್ಡ ಟ್ಯೂಬಿಗೆ ನೇರವಾಗಿ ವೆಲ್ಡ್ ಮಾಡಿದ್ದರೆ, ಬೆಸುಗೆ ಉಳಿದು ಟ್ಯೂಬಿನ ಗೋಡೆಯೇ ಹರಿದು ಬರುತ್ತದೆ.

ಅದಕ್ಕೆ ಕಿವಿಯ ಕೆಳಗೆ 10 ಮಿ.ಮೀ. ಪ್ಲೇಟಿನ ತಡಿ ಕೊಡಿ. ಅದರ ಎರಡು ತುದಿಗಳನ್ನು ವಜ್ರದಾಕಾರಕ್ಕೆ ಚೂಪು ಮಾಡಿದರೆ ಬೆಸುಗೆ ಟ್ಯೂಬಿನ ಉದ್ದಕ್ಕೆ ಓರೆಯಾಗಿ ಸಾಗಿ ಎಳೆತ ಹಂಚಿಹೋಗುತ್ತದೆ. ಟ್ಯೂಬಿಗೆ ಅಡ್ಡಲಾಗಿ ನೇರ ಗೆರೆ ಹಾಕಿದರೆ ಬಾಗುವಾಗ ಅದೇ ಗೆರೆಯಲ್ಲಿ ಮುರಿಯುತ್ತದೆ. ಎರಡೂ ತುದಿ ಮುಚ್ಚಿದ ಟ್ಯೂಬಾದರೆ ಮೊದಲು 6 ಮಿ.ಮೀ. ತೂತು ಕೊರೆಯಿರಿ, ಒಳಗಿನ ಬಿಸಿಗಾಳಿ ಹೊರಬರಲು ದಾರಿ ಬೇಕು. ಎಣ್ಣೆ ಇರುವ ಸಿಲಿಂಡರ್‌ಗೆ ವೆಲ್ಡಿಂಗ್ ಮುಟ್ಟಿಸಲೇಬಾರದು, ಸಿಡಿಯುತ್ತದೆ.

ಕಿವಿ ಟ್ಯಾಕ್ ಮಾಡುವ ಮುನ್ನ ಎಲ್ಲ ಬುಷ್‌ಗಳ ಮೂಲಕ ಒಂದೇ ಒಂದು ಉದ್ದನೆಯ, ನೆಟ್ಟನೆಯ ಕಂಬಿ ತೂರಿಸಿ, ತಣಿಯುವವರೆಗೂ ಅಲ್ಲೇ ಬಿಡಿ. ಬುಷ್ ಕುಗ್ಗಿ ಪಿನ್ ಬಿಗಿಯಾದರೆ ರೀಮರ್ (ತೂತನ್ನು ಹಿಗ್ಗಿಸುವ ಉಪಕರಣ) ಹಾಕಿ, ಸುತ್ತಿಗೆಯಿಂದ ಹೊಡೆದು ಕೂರಿಸಬೇಡಿ.

ಹೋಸ್‌ಗೆ ಕಾವಲು

6 ಮಿ.ಮೀ. ಪ್ಲೇಟಿನ ಕಾವಲನ್ನು ವೆಲ್ಡ್ ಮಾಡದೆ ಬೋಲ್ಟ್ ಹಾಕಿ ಕೂರಿಸಿ. ಹೋಸ್ ಬದಲಿಸುವ ದಿನ ಬಂದೇ ಬರುತ್ತದೆ. ಕೆಳಭಾಗ ತೆರೆದಿರಲಿ, ಇಲ್ಲದಿದ್ದರೆ ಒಣಗಿದ ಎಲೆ ತುಂಬಿಕೊಳ್ಳುತ್ತದೆ. ಹೋಸ್ ಜೋಡಿಸಿದ ಮೇಲೆ ದವಡೆಯನ್ನು ನಿಧಾನವಾಗಿ ಪೂರ್ತಿ ತೆರೆದು ಮುಚ್ಚಿ, ಎಲ್ಲಿಯೂ ಎಳೆಯುವುದಿಲ್ಲ, ಉಜ್ಜುವುದಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿಯಿರಿ, ಕೈ ಅಲ್ಲ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮದೊಳಗೆ ಹೊಕ್ಕರೆ ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಕೆಲಸಕ್ಕೆ ಇಳಿಸುವ ಮುನ್ನ ಎರಡು ದಿನ ಬಿಟ್ಟು ಬೆಸುಗೆಗಳನ್ನು ಮತ್ತೆ ನೋಡಿ. ಬಿರುಕು ಕಂಡರೆ ಅದರ ಮೇಲೇ ಬೆಸುಗೆ ಹೊದಿಸಬೇಡಿ. ತುದಿಯಲ್ಲಿ 6 ಮಿ.ಮೀ. ತೂತು ಕೊರೆದು ಬಿರುಕು ಮುಂದೆ ಓಡದಂತೆ ತಡೆದು, ಪೂರ್ತಿ ಉಜ್ಜಿ ತೆಗೆದು ಹೊಸದಾಗಿ ತುಂಬಿ. ಬಣ್ಣಕ್ಕೆ ಆತುರ ಬೇಡ. ಮೊದಲ 10 ಗಂಟೆ ಕೆಲಸ ಬಣ್ಣವಿಲ್ಲದೆಯೇ ನಡೆಯಲಿ. ಎಲ್ಲಾದರೂ ಬೆಸುಗೆ ಸೋತಿದ್ದರೆ ಅಲ್ಲಿ ಕೂದಲೆಳೆಯಂಥ ತುಕ್ಕಿನ ಗೆರೆ ಮೂಡಿರುತ್ತದೆ.