ಒಂಬತ್ತನೇ ತರಗತಿಯಲ್ಲಿ ಎಂಟು ನಿಮಿಷದ ಹಾಡು: ನನ್ನ ಅನುಭವ

ಹಾಡು ಕೇಳಿಸಿ ಮಕ್ಕಳ ಹೆದರಿಕೆ ಇಳಿಸ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ ಯಾರೂ ನಂಬಲಿಲ್ಲ. "ಪಾಠವೇ ಮುಗಿಯೋದಿಲ್ಲ, ಅದರ ಮಧ್ಯೆ ಇದೊಂದಾ ಮಾಷ್ಟ್ರೇ?" ಅಂದರು. ತಿಂಗಳೊಂದು ಕಳೆದ ಮೇಲೆ ಅವರೇ ಸ್ಪೀಕರ್ ಕೇಳಿಕೊಂಡು ಬಂದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಮಂಜೇಶ್ವರದ ಕಡೆಯ ಕನ್ನಡ ಮಾಧ್ಯಮ ಶಾಲೆ. ತರಗತಿಯಲ್ಲಿ 32 ಮಕ್ಕಳೋ 33 ಮಕ್ಕಳೋ. ಹತ್ತು ಹನ್ನೊಂದು ಮಕ್ಕಳ ಅಪ್ಪಂದಿರು ಗಲ್ಫಿನಲ್ಲಿ. 2025ರ ಜೂನ್ 23ರ ರಾತ್ರಿ ಇರಾನ್ ಕತಾರಿನಲ್ಲಿ ಅಮೆರಿಕದ ಸೇನೆ ಇರುವ ಅಲ್ ಉದೈದ್ ವಾಯುನೆಲೆಗೆ ಕ್ಷಿಪಣಿ ಹಾರಿಸಿತಲ್ಲ, ಆವತ್ತು ಈ ಮನೆಗಳಲ್ಲಿ ಯಾರೂ ಮಲಗಿರಲಿಲ್ಲ. ಮರುದಿನವೇ ಇರಾನ್-ಇಸ್ರೇಲ್ ಕದನ ವಿರಾಮ ಅಂತ ಸುದ್ದಿ ಬಂತು. ಆದರೆ ಆ ವಿಡಿಯೋಗಳು ಮೊಬೈಲಿನಲ್ಲಿ ವಾರಗಟ್ಟಲೆ ಓಡುತ್ತಲೇ ಇದ್ದವು. ಡಸ್ಟರ್ ಕೆಳಗೆ ಬಿದ್ದರೂ ಮಕ್ಕಳು ಬೆಚ್ಚುತ್ತಿದ್ದರು.

ಮೊದಲು ಎಡವಿದ್ದು ಹಾಡಿನ ಆಯ್ಕೆಯಲ್ಲೇ. ಶಾಂತವಾಗಿರಲಿ ಅಂತ ನೇರವಾಗಿ ಕೊಳಲಿನಲ್ಲಿ ನುಡಿಸಿದ ನೀಲಾಂಬರಿ ರಾಗ ಹಾಕಿದೆ. ಇಬ್ಬರು ಅತ್ತೇಬಿಟ್ಟರು. ರೇಡಿಯೋ ಇಟ್ಟರೆ ಹಾಡು ಮುಗಿದು ವಾರ್ತೆ ಬಂತು, ಅದೂ ಯುದ್ಧದ್ದೇ. ಫೋನಿನಿಂದ ಹಾಕಿದರೆ ನಡುವೆ ಜಾಹೀರಾತಿನ ಕಿರುಚಾಟ. ಸುಮಾರು 900 ರೂಪಾಯಿ ಕೊಟ್ಟು ತಂದ ಸ್ಪೀಕರ್ ದಂಡವಾಯಿತು. ಶೀಟಿನ ಮಾಡಿಗೆ ಮಳೆ ಹೊಡೆಯುವಾಗ ಅದರ ಸ್ವರವೇ ಕೇಳುತ್ತಿರಲಿಲ್ಲ. ಪಿಟಿಎ, ಅಂದರೆ ಶಿಕ್ಷಕ-ಪೋಷಕರ ಸಂಘದ ಹತ್ತಿರ ದುಡ್ಡು ಕೇಳಿದೆ, ಸಿಗಲಿಲ್ಲ. ಕೈಯಿಂದಲೇ 2,400 ಹಾಕಿ ದೊಡ್ಡದು ತಂದೆ.

ಕ್ರಮ ತಿರುಗಿಸಿದ ಮೇಲೆ ಸರಿಹೋಯಿತು. ಎದೆ ಢವಢವ ಅನ್ನುವ ಮಗುವಿಗೆ ನಿಧಾನದ ಹಾಡು ಹಿಡಿಸೋದಿಲ್ಲ. ಮೊದಲು ಕೈ ತಾನಾಗಿ ತಾಳ ಹಾಕುವಂಥ ಜೋರಿನ ಹಾಡು, ಆಮೇಲೆ ಸ್ವಲ್ಪ ಇಳಿದದ್ದು, ಕೊನೆಗೆ ಮಾತಿಲ್ಲದ ವಾದ್ಯ, ನಿಮಿಷಕ್ಕೆ 60–70 ಬಡಿತದ್ದು. ಎಲ್ಲ ಸೇರಿ ಎಂಟು ನಿಮಿಷ, ಮೊದಲ ಪೀರಿಯಡ್ಡಿನಲ್ಲಿ. ಕಣ್ಣು ಮುಚ್ಚಲೇಬೇಕು ಅಂತ ಒತ್ತಾಯ ಇಲ್ಲ. ಎರಡನೆಯದರಿಂದ ಮೂರನೆಯದಕ್ಕೆ ದಾಟಿಸುವ ಉಪಾಯ ಮಾತ್ರ ಇಲ್ಲಿ ಹೇಳೋದಿಲ್ಲ. ಅದು ಕೈಗೆ ಹತ್ತಲು ನನಗೆ ಮೂರು ವಾರ ಬೇಕಾಯಿತು. ತರಗತಿಗೆ ಬನ್ನಿ, ತೋರಿಸುತ್ತೇನೆ.

ಎರಡನೇ ಬೆಂಚಿನ ಹುಡುಗಿಯೊಬ್ಬಳು ಶಾಲಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು ಕೂರುತ್ತಿದ್ದಳು, ಉಗುರು ಬಿಳಿಚುವಷ್ಟು. ಐದನೇ ನಿಮಿಷಕ್ಕೆ ಸುತ್ತು ಸಡಿಲವಾಗುತ್ತಿತ್ತು, ಏಳಕ್ಕೆ ಅಂಗೈ ಡೆಸ್ಕಿನ ಮೇಲೆ. ನಾನು ಗಡಿಯಾರ ಬಿಟ್ಟು ಆ ಬೆರಳನ್ನೇ ನೋಡುತ್ತಿದ್ದೆ.

ಹುಡುಗರ ಒತ್ತಾಯಕ್ಕೆ ಒಮ್ಮೆ ಯಕ್ಷಗಾನದ ಚೆಂಡೆಯನ್ನೂ ಹಾಕಿದೆ. ಎಲ್ಲರಿಗೂ ಖುಷಿಯೋ ಖುಷಿ, ಒಬ್ಬ ಮಾತ್ರ ಕಿವಿ ಮುಚ್ಚಿಕೊಂಡು ಡೆಸ್ಕಿಗೆ ತಲೆ ಒತ್ತಿದ. ಆವತ್ತೇ ಚೆಂಡೆ ಬಿಟ್ಟೆ, ಮದ್ದಳೆ ಉಳಿಸಿಕೊಂಡೆ. ಅವನಿಗೆ ಹಾಡು ಸಾಕಾಗಲಿಲ್ಲ. ಕೌನ್ಸೆಲರ್ ಹತ್ತಿರ ಕಳಿಸಿದೆ, ಮನೆಯವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದುಕೊಟ್ಟೆ. ಇಂಥ ಕಡೆ ನಾವು ಸುಮ್ನೆ ಹಾಡು ಹಾಕುತ್ತಾ ಕೂರಬಾರದು.

ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಅಪ್ಪಂದಿರ ಹಾಡು. "ರೂಮಿನಲ್ಲಿ ನೀವು ಕೇಳುವ ಒಂದು ಹಾಡು ಕಳಿಸಿ" ಅಂತ ವಾಟ್ಸಾಪ್ ಮಾಡಿದೆ. ಏಳು ಜನ ಕಳಿಸಿದರು. ಮಲಬಾರಿನ ಮುಸ್ಲಿಮರ ಮಾಪ್ಪಿಳ ಪಾಟ್ಟು, ತುಳು ಹಾಡು, ಭಜನೆ. ಒಬ್ಬರು ತಾವೇ ಗುನುಗಿ ರೆಕಾರ್ಡ್ ಮಾಡಿದ್ದರು, ಹಿಂದೆ ಬರೀ ಗುಂಯ್ ಅನ್ನುವ ಶಬ್ದ. ಕ್ಲೀನ್ ಮಾಡಿ ಹಾಕೋಣ ಅಂತಿದ್ದೆ. ಅಪ್ಪನನ್ನು "ಉಪ್ಪ" ಅಂತ ಕರೆಯುವ ಅವರ ಮಗ ಬಿಡಲಿಲ್ಲ.

"ಅದು ಎಸಿ ಸರ್. ಓಡ್ತಾ ಉಂಟು. ಉಪ್ಪ ರೂಮಿನಲ್ಲೇ ಇದ್ದಾರೆ."