‘ಯುಂ’ ಹಿಡಿಯಲು ಹಾರ್ಮೋನಿಯಂ ತೆಗೆದೆ

‘ಲಾ ಯುಂಬಾ’ ಅನ್ನೋ ಟ್ಯಾಂಗೋ ನೃತ್ಯದ ಸಂಗೀತ ನುಡಿಸೋಣ ಅಂತ ಕೀಬೋರ್ಡ್ ಮುಂದೆ ಕೂತವನು ಮೊದಲು ಮಾಡಿದ್ದೇ ತಪ್ಪು ಕೆಲಸ. ಡ್ರಮ್ ಬೀಟ್ ಹಾಕಿಕೊಂಡೆ. ಎಲ್ಲ ಸ್ವರಗಳೂ ಸರಿಯಾಗೇ ಬಂದವು. ಹೆಂಡತಿ ಕೇಳಿ, “ಇದೇನ್ರೀ, ಆಗಸ್ಟ್ ಹದಿನೈದರ ಪರೇಡ್ ಥರ ಇದೆ” ಅಂದಳು.

ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ ಪಿಯಾನೊ ವಾದಕ ಒಸ್ವಾಲ್ಡೊ ಪುಗ್ಲಿಯೆಸೆ ಇದನ್ನು ತಮ್ಮ ತಂಡದ ಜೊತೆ 1946ರಲ್ಲಿ ರೆಕಾರ್ಡ್ ಮಾಡಿದ್ದು. ಹಾಡುವವರಿಲ್ಲ. ಬ್ಯಾಂಡೋನಿಯನ್ (ಅಕಾರ್ಡಿಯನ್ ಥರದ ವಾದ್ಯ), ವಯಲಿನ್, ಪಿಯಾನೊ, ಡಬಲ್ ಬಾಸ್ ಇವೆ. ಡ್ರಮ್ಮೂ ಇಲ್ಲ! ಆದರೂ ಹೆಜ್ಜೆ ನೆಲಕ್ಕೆ ಊರಿದ ಹಾಗೆ ಕೇಳುತ್ತೆ. ಹೆಸರೇ ಅದರ ಸದ್ದು: ನಾಲ್ಕು ಏಟಿನ ಲೆಕ್ಕದಲ್ಲಿ ಒಂದು, ಮೂರನೇ ಏಟಿಗೆ ‘ಯುಂ’; ಎರಡು, ನಾಲ್ಕಕ್ಕೆ ಪಿಯಾನೊದ ತಗ್ಗು ಸ್ವರದಲ್ಲಿ ‘ಬಾ’.

ಹೆಡ್‌ಫೋನ್ ಹಾಕಿ, ಅರ್ಧ ವೇಗಕ್ಕಿಳಿಸಿ ಕೇಳಿದೆ. ಆಗ ಗೊತ್ತಾಯಿತು, ‘ಯುಂ’ ಅನ್ನೋದು ಏಟಲ್ಲ, ಎಳೆತ. ಏಟು ಬೀಳುವ ಮೊದಲೇ ಶುರುವಾಗಿ, ಉಬ್ಬುತ್ತಾ ಬಂದು ಅದರ ಮೇಲೆ ಕೂರುತ್ತೆ. ಟ್ಯಾಂಗೋದವರು ಇದಕ್ಕೆ ‘ಅರ್ರಾಸ್ತ್ರೆ’ ಅಂತಾರೆ. ಸ್ಪ್ಯಾನಿಷ್‌ನಲ್ಲಿ ಎಳೆಯೋದು ಅಂತಲೇ ಅರ್ಥ.

ಬ್ಯಾಂಡೋನಿಯನ್‌ಗೆ ಅದು ಸುಲಭ, ತಿದಿ ಇದೆ. ತಿದಿ ಅಂದರೆ ನಮ್ಮ ಮನೇಲೂ ಇದೆಯಲ್ಲ ಅಂತ ಅಟ್ಟದಿಂದ ಹಾರ್ಮೋನಿಯಂ ಇಳಿಸಿದೆ. ಗಾಳಿ ಪೂರ್ತಿ ಖಾಲಿಯಾಗಲು ಬಿಟ್ಟು, ಮೂರು ಮನೆ ಒತ್ತಿ ಹಿಡಿದು, ಆಮೇಲೆ ತಿದಿ ತಳ್ಳಿದೆ. ಝ್ಯುಂ... ಅದೇ ಸದ್ದು! ಆದರೆ ಒಂದೇ ಸಲ. ಎರಡನೇ ಸಲಕ್ಕೆ ಒಳಗೆ ಗಾಳಿ ಉಳಿದಿರುತ್ತೆ, ಸ್ವರ ಉಬ್ಬದೆ ನೇರ ಬಂದುಬಿಡುತ್ತೆ. ಸುಮಾರು ಹೊತ್ತು ಗುದ್ದಾಡಿ ಬಿಟ್ಟೆ. ಕಿವಿಗೆ ಮಾತ್ರ ಅದರ ಆಕಾರ ಸಿಕ್ಕಿತ್ತು.

ಮತ್ತೆ ಕೀಬೋರ್ಡ್. ಎಡಗೈ ಬೆರಳನ್ನು ಮೂರು ನಾಲ್ಕು ಮನೆ ಕೆಳಗಿನಿಂದ ಮೆತ್ತಗೆ ಜಾರಿಸಿಕೊಂಡು ಬಂದು, ಏಟಿನ ಮೇಲೆ ಭಾರ ಬಿಟ್ಟೆ. ಜಾರಿಕೆ ಜೋರಾದರೆ ತಮಾಷೆಯಾಗಿ ಕೇಳುತ್ತೆ, ಸಣ್ಣದಾದರೆ ಮತ್ತದೇ ಪರೇಡ್. ‘ಬಾ’ಗೆ ತೀರಾ ಕೆಳಗಿನ ಸ್ವರ, ಒತ್ತಡ ಕಡಿಮೆ. ಡ್ರಮ್ ಬೀಟ್ ಆಫ್ ಮಾಡಿದೆ, ಅದಿದ್ದರೆ ಎಳೆಯೋಕೆ ಜಾಗವೇ ಇರಲ್ಲ.

ಈಗ ಎಂಟು ಬಾರ್ (ನಾಲ್ಕು ಏಟಿನ ಎಂಟು ಆವರ್ತ) ಪರವಾಗಿಲ್ಲ ಅನ್ನುವ ಹಾಗೆ ಬರುತ್ತೆ. ಆಮೇಲೆ ವಯಲಿನ್‌ಗಳ ರಾಗ ಶುರುವಾಗಿ ಲಯ ಸಡಿಲವಾಗುತ್ತೆ, ನಾನು ಲೆಕ್ಕ ತಪ್ಪುತ್ತೇನೆ. ಪುಗ್ಲಿಯೆಸೆ ತಂಡ ಮಾತ್ರ ಒಟ್ಟಿಗೇ ಸಡಿಲಾಗಿ, ಒಟ್ಟಿಗೇ ಬಿಗಿಯಾಗಿ, ಮುಂದಿನ ‘ಯುಂ’ಗೆ ಬಂದಿಳಿಯುತ್ತೆ. ಸದ್ಯ ನಾನು ಅಲ್ಲಿ ಕೈ ತೆಗೆದು ಸುಮ್ನೆ ಕೇಳುತ್ತೇನೆ.